ಕೌಲು ಮುರಿಯಬೇಡಿ ಎಂದ ಇಮಾಮರು: ಅಂತಾರಾಷ್ಟ್ರೀಯ ಕಾನೂನಿಗೆ ಒಂದು ಪ್ರವೇಶ

ರಾಜ್ಯಶಾಸ್ತ್ರವನ್ನೋ ಅಂತಾರಾಷ್ಟ್ರೀಯ ಸಂಬಂಧಗಳನ್ನೋ ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಸಾರ್ವಜನಿಕ ಅಂತಾರಾಷ್ಟ್ರೀಯ ಕಾನೂನು ಎಂಬ ವಿಷಯದ ಹೊಸ್ತಿಲಲ್ಲೇ ಒಂದು ಪ್ರಶ್ನೆ ಎತ್ತುತ್ತಾರೆ. ಠಾಣೆಯಿಲ್ಲ, ಜೈಲಿಲ್ಲ, ಬಲಿಷ್ಠ ರಾಷ್ಟ್ರವೊಂದು ತೀರ್ಪನ್ನು ಧಿಕ್ಕರಿಸಿದರೆ ಅದನ್ನು ಎಳೆದು ತರುವವರಿಲ್ಲ. ಇದನ್ನು ಕಾನೂನು ಎಂದು ಕರೆಯುವುದಾದರೂ ಹೇಗೆ? ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ಜಾನ್ ಆಸ್ಟಿನ್ 1832ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ಆಜ್ಞೆ ಮಾಡುವ ಸಾರ್ವಭೌಮನಿಲ್ಲದ ಕಾರಣ ಇದು ನಿಜವಾದ ಅರ್ಥದಲ್ಲಿ ಕಾನೂನಲ್ಲ, ಒಂದು ಬಗೆಯ ನೈತಿಕ ನಿಯಮ ಮಾತ್ರ ಎಂದು ವಾದಿಸಿದ್ದರು. ಈ ಪ್ರಶ್ನೆಗೆ ಇತಿಹಾಸದ ಕಡೆಯಿಂದ ಒಂದು ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ. ಹುಡುಕಾಟವನ್ನು ಹಿಜರಿ ಎರಡನೆಯ ಶತಮಾನದ ಇಮಾಮರ ಕಡೆಗೆ ತಿರುಗಿಸಿದ್ದೇನೆ. ಅದಕ್ಕೆ ಕಾರಣವಿದೆ. ತಮ್ಮ ಮೇಲೆ ಯಾವ ನ್ಯಾಯಾಲಯವೂ ಇಲ್ಲದ, ಆ ಕಾಲದ ಅತ್ಯಂತ ಬಲಿಷ್ಠ ಸಾಮ್ರಾಜ್ಯದ ಒಡೆಯರಿಗೆ “ನೀವು ಕೊಟ್ಟ ಮಾತಿಗೆ ನೀವು ಬದ್ಧರು” ಎಂದು ಹೇಳಿದವರು ಅವರು.

ಮೊದಲು ವಿಷಯದ ಮೇರೆಯನ್ನು ಗುರುತಿಸಿಕೊಳ್ಳೋಣ. ಬೇರೆ ಬೇರೆ ದೇಶಗಳ ಇಬ್ಬರು ವ್ಯಕ್ತಿಗಳ ನಡುವೆ ವಿವಾಹ, ವ್ಯಾಪಾರ, ಆಸ್ತಿಗಳ ತಕರಾರು ಬಂದಾಗ ಯಾವ ದೇಶದ ಕಾನೂನು ಅನ್ವಯಿಸಬೇಕೆಂದು ನಿರ್ಧರಿಸುವುದು ಖಾಸಗಿ ಅಂತಾರಾಷ್ಟ್ರೀಯ ಕಾನೂನು. ರಾಷ್ಟ್ರ ರಾಷ್ಟ್ರಗಳ ನಡುವಣ ಯುದ್ಧ, ಶಾಂತಿ, ಒಪ್ಪಂದ, ರಾಯಭಾರ, ಸಮುದ್ರ, ಗಡಿ ಇವುಗಳನ್ನು ಕುರಿತದ್ದು ಸಾರ್ವಜನಿಕ ಅಂತಾರಾಷ್ಟ್ರೀಯ ಕಾನೂನು. ಇದರ ಮೂಲಗಳು ಯಾವುವು ಎಂಬುದಕ್ಕೆ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೆಯ ವಿಧಿಯನ್ನು ಎಲ್ಲ ಪಠ್ಯಗಳೂ ಉಲ್ಲೇಖಿಸುತ್ತವೆ: ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಗಳು, ಕಾನೂನೆಂದೇ ಒಪ್ಪಿ ನಡೆಸಿಕೊಂಡು ಬಂದ ರೂಢಿ, ಸಾಮಾನ್ಯ ನ್ಯಾಯತತ್ವಗಳು, ಇವುಗಳಿಗೆ ಪೂರಕವಾಗಿ ನ್ಯಾಯಾಲಯಗಳ ತೀರ್ಪುಗಳು ಮತ್ತು ವಿದ್ವಾಂಸರ ಬರಹಗಳು. ಉಸೂಲುಲ್ ಫಿಕ್‌ಹ್ ಓದಿದವರಿಗೆ ಮೂಲಗಳನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಕ್ರಮ ಅಪರಿಚಿತವೆನಿಸದು.

ಪಠ್ಯಗಳ ಇತಿಹಾಸ ಭಾಗ ಸಾಮಾನ್ಯವಾಗಿ ಹಾಲೆಂಡಿನ ಹ್ಯೂಗೋ ಗ್ರೋಷಿಯಸ್ 1625ರಲ್ಲಿ ಪ್ರಕಟಿಸಿದ ಯುದ್ಧ ಮತ್ತು ಶಾಂತಿಯ ಕಾನೂನಿನ ಗ್ರಂಥದಿಂದ ಹಾಗೂ 1648ರ ವೆಸ್ಟ್‌ಫೇಲಿಯಾ ಒಪ್ಪಂದದಿಂದ ಆರಂಭವಾಗುತ್ತದೆ. ಅದಕ್ಕೆ ಹಿಂದಿನ ಸಾವಿರ ವರ್ಷಗಳಿಗೆ ಒಂದೆರಡು ಸಾಲು ದೊರೆತರೆ ಹೆಚ್ಚು. ಇದಕ್ಕೆ ಪ್ರತಿಯಾಗಿ ನಮ್ಮ ವೇದಿಕೆಗಳಲ್ಲಿ ಇನ್ನೊಂದು ಅತಿರೇಕ ಕೇಳಿಬರುತ್ತದೆ: ಅಂತಾರಾಷ್ಟ್ರೀಯ ಕಾನೂನನ್ನು ಜಗತ್ತಿಗೆ ಮೊದಲು ಕೊಟ್ಟವರೇ ಮುಸ್ಲಿಮರು ಎಂದು. ಈ ಮಾತು ನಿಲ್ಲುವುದಿಲ್ಲ. ಕ್ರಿಸ್ತಪೂರ್ವ ಹದಿಮೂರನೆಯ ಶತಮಾನದಲ್ಲಿಯೇ ಈಜಿಪ್ಟಿನ ಫರೋ ಮತ್ತು ಹಿಟ್ಟೈಟ್ ದೊರೆ ಲಿಖಿತ ಶಾಂತಿ ಒಪ್ಪಂದ ಮಾಡಿಕೊಂಡಿದ್ದರು. ಅದರ ಪ್ರತಿಕೃತಿ ಇಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿದೆ. ನಮ್ಮ ದೇಶದ ಕೌಟಿಲ್ಯನ ಅರ್ಥಶಾಸ್ತ್ರ ಸಂಧಿ, ವಿಗ್ರಹ, ದೂತರ ಬಗ್ಗೆ ವಿಸ್ತಾರವಾಗಿ ಹೇಳುತ್ತದೆ. ಆದ್ದರಿಂದ ‘ಮೊದಲಿಗರು ಯಾರು’ ಎಂಬ ಸ್ಪರ್ಧೆಯನ್ನು ಬದಿಗಿಡುವುದೇ ಲೇಸು. ಫುಕಹಾಗಳು ಮಾಡಿದ ಕೆಲಸ ಬೇರೆ. ಪರರಾಜ್ಯಗಳೊಂದಿಗಿನ ವ್ಯವಹಾರವನ್ನು ಅವರು ದೊರೆಯ ರಾಜನೀತಿಯ ಮರ್ಜಿಗೆ ಬಿಡಲಿಲ್ಲ. ನಮಾಝ್, ಝಕಾತ್, ಕ್ರಯವಿಕ್ರಯಗಳಂತೆಯೇ ಅದನ್ನು ಫಿಕ್‌ಹ್‌ನ ಒಂದು ಅಧ್ಯಾಯವನ್ನಾಗಿ ಮಾಡಿದರು. ಆ ಅಧ್ಯಾಯಕ್ಕೆ ‘ಸಿಯರ್’ ಎಂದು ಹೆಸರು. ‘ಸೀರತ್’ ಎಂಬುದರ ಬಹುವಚನ. ನಡೆ, ನಡವಳಿಕೆ ಎಂದರ್ಥ. ಹಗೆಯೊಡನೆ, ಕೌಲು ಮಾಡಿಕೊಂಡವರೊಡನೆ, ಅಭಯ ಕೇಳಿ ಬಂದವರೊಡನೆ, ಬಂಡಾಯಗಾರರೊಡನೆ ಮುಸ್ಲಿಮ್ ಆಡಳಿತ ಹೇಗೆ ನಡೆದುಕೊಳ್ಳಬೇಕು ಎಂಬುದೇ ಇದರ ವಸ್ತು.

ಈ ಶಾಸ್ತ್ರದ ಬೇರು ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿದೆ. ಹಿಜರಿ 6ರಲ್ಲಿ, ಅಂದರೆ ಕ್ರಿ.ಶ. 628ರಲ್ಲಿ ನಡೆದ ಹುದೈಬಿಯಾ ಒಪ್ಪಂದದ ಕಥೆ ಓದುಗರಿಗೆ ತಿಳಿದದ್ದೇ. ಕುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್‌ರ ಮಗ ಅಬೂ ಜಂದಲ್(ರ) ಸಂಕೋಲೆಯನ್ನು ಎಳೆದುಕೊಂಡು ಬಂದು ಆಶ್ರಯ ಬೇಡಿದಾಗ, ಕರಾರಿನ ಶರತ್ತಿನಂತೆ ಅವರನ್ನು ಹಿಂದಿರುಗಿಸಲಾಯಿತು. ಇದಕ್ಕಿಂತ ಕಡಿಮೆ ಪ್ರಸ್ತಾಪವಾಗುವ ಒಂದು ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಹುದೈಫಾ ಬಿನ್ ಯಮಾನ್(ರ) ಮತ್ತು ಅವರ ತಂದೆ ಮದೀನಾಕ್ಕೆ ಬರುವ ಹಾದಿಯಲ್ಲಿ ಕುರೈಶರ ಕೈಗೆ ಸಿಕ್ಕಿಬಿದ್ದರು. ಪ್ರವಾದಿಯವರ ಜೊತೆ ಸೇರಿ ಯುದ್ಧ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆಯೇ ಅವರಿಗೆ ಬಿಡುಗಡೆ. ಅಷ್ಟರಲ್ಲಿ ಬದ್ರ್ ಯುದ್ಧ ಬಂತು. ಮುಸ್ಲಿಮರ ಸಂಖ್ಯೆ ಮುನ್ನೂರಕ್ಕಿಂತ ತುಸು ಹೆಚ್ಚು, ಎದುರಿಗೆ ಸಾವಿರದಷ್ಟು ಜನ. ಒಬ್ಬೊಬ್ಬ ಮನುಷ್ಯನೂ ಬೇಕಾಗಿದ್ದ ದಿನ. ಬಲಾತ್ಕಾರದಿಂದ ಪಡೆದ ವಚನವೆಂದು ತಳ್ಳಿಹಾಕಬಹುದಾಗಿತ್ತು. ಆದರೆ ಪ್ರವಾದಿ(ಸ)ಯವರು ಅವರಿಬ್ಬರಿಗೂ ಮಾತನ್ನು ಪಾಲಿಸುವಂತೆ ಹೇಳಿ ಹಿಂದಕ್ಕೆ ಕಳುಹಿಸಿದರು. ಆ ತಂದೆ ಮಗ ಬದ್ರ್‌ನಲ್ಲಿ ಪಾಲ್ಗೊಳ್ಳಲಿಲ್ಲ.

ಪವಿತ್ರ ಕುರ್‌ಆನಿನ ಅನ್‌ಫಾಲ್ ಅಧ್ಯಾಯದ ಎರಡು ಸೂಕ್ತಗಳು ಈ ಶಾಸ್ತ್ರದ ಕೀಲುಗಳೆನ್ನಬಹುದು. 72ನೆಯ ಸೂಕ್ತ, ಅನ್ಯ ನಾಡಿನಲ್ಲಿರುವ ವಿಶ್ವಾಸಿಗಳು ಧರ್ಮದ ಹೆಸರಿನಲ್ಲಿ ನೆರವು ಕೇಳಿದರೆ ನೆರವಾಗಬೇಕೆನ್ನುತ್ತದೆ. ಆದರೆ ನಿಮ್ಮೊಂದಿಗೆ ಕರಾರು ಇರುವ ಜನರ ವಿರುದ್ಧ ಆ ನೆರವು ಸಲ್ಲದು ಎಂದು ಕೂಡಲೇ ಸೇರಿಸುತ್ತದೆ. ಸ್ವಧರ್ಮೀಯರ ಕರೆಗೂ ಮೇಲೆ ಕರಾರನ್ನು ಇರಿಸುವ ಈ ವಿಧಿಯ ತೂಕವನ್ನು ನಾವು ಸಾಕಷ್ಟು ಅಳೆದಿದ್ದೇವೆಯೇ ಎಂಬ ಸಂಶಯ ನನಗಿದೆ. 58ನೆಯ ಸೂಕ್ತ, ಎದುರು ಪಕ್ಷದಿಂದ ವಂಚನೆಯ ಭಯವಿದ್ದರೆ ಕರಾರನ್ನು ಬಹಿರಂಗವಾಗಿ, ಸಮಸಮನಾಗಿ ಅವರ ಮುಂದೆ ಎಸೆಯಬೇಕೆನ್ನುತ್ತದೆ. ಗುಟ್ಟಾಗಿ ಮುರಿಯುವುದಕ್ಕೆ ಅವಕಾಶವಿಲ್ಲ. ಮುಂದೆ ಹನಫೀ ಫುಕಹಾಗಳು ಇದರಿಂದ ವಿವರವಾದ ನಿಯಮವನ್ನೇ ಹೊರತೆಗೆದರು: ಕೌಲನ್ನು ಕೊನೆಗೊಳಿಸುವ ಆಡಳಿತಗಾರ ಎದುರು ಪಕ್ಷಕ್ಕೆ ತಿಳಿಸಬೇಕು. ತಿಳಿಸಿದರಷ್ಟೇ ಸಾಲದು, ಆ ಸುದ್ದಿ ಅವರ ನಾಡಿನ ಮೂಲೆ ಮೂಲೆಗೂ ತಲುಪುವಷ್ಟು ಕಾಲಾವಕಾಶವನ್ನೂ ಕೊಡಬೇಕು.

ಈ ವಿಧಿ ಕಾಗದದಲ್ಲಿಯೇ ಉಳಿಯಲಿಲ್ಲ ಎಂಬುದಕ್ಕೆ ಅಬೂ ದಾವೂದ್ ಮತ್ತು ತಿರ್ಮಿದಿ ವರದಿ ಮಾಡಿರುವ ಪ್ರಸಂಗ ಸಾಕ್ಷಿ. ಮುಆವಿಯಾ(ರ) ಮತ್ತು ರೋಮನರ ನಡುವೆ ಕದನವಿರಾಮವಿತ್ತು. ಅವಧಿ ಮುಗಿದ ಕ್ಷಣವೇ ಮೇಲೆರಗಬೇಕೆಂದು ಮುಆವಿಯಾ ಸೈನ್ಯವನ್ನು ಮುಂಚಿತವಾಗಿಯೇ ಗಡಿಯತ್ತ ನಡೆಸಿದರು. ಅಕ್ಷರಶಃ ನೋಡಿದರೆ ಒಪ್ಪಂದ ಮುರಿದಿರಲಿಲ್ಲ. ಆಗ ಕುದುರೆಯೇರಿ ಬಂದ ಅಮ್ರ್ ಬಿನ್ ಅಬಸಾ(ರ) ಎಂಬ ಸಹಾಬಿ, ಇದು ನಿಷ್ಠೆಯಾಗಬೇಕೇ ಹೊರತು ವಂಚನೆಯಾಗಬಾರದು ಎಂದು ಕೂಗಿ, ಪ್ರವಾದಿವಚನವನ್ನು ನೆನಪಿಸಿದರು. ಮುಆವಿಯಾ ಸೈನ್ಯವನ್ನು ಹಿಂದಿರುಗಿಸಿದರು.

ಹಿಜರಿ ಎರಡನೆಯ ಶತಮಾನದ ಹೊತ್ತಿಗೆ ಈ ಬಿಡಿ ಪ್ರಸಂಗಗಳು ಶಾಸ್ತ್ರವಾಗತೊಡಗಿದವು. ಸಿರಿಯಾದ ಇಮಾಮ್ ಔಝಾಈ (ನಿಧನ ಕ್ರಿ.ಶ. 774, ಬೈರೂತ್) ಸಿಯರ್ ಕುರಿತು ಬರೆದರು. ಇರಾಕಿನಿಂದ ಇಮಾಮ್ ಅಬೂ ಯೂಸುಫ್ ಅದಕ್ಕೆ ಖಂಡನೆ ಬರೆದರು. ಔಝಾಈಯವರು ಗ್ರಂಥಕಾರರಷ್ಟೇ ಆಗಿರಲಿಲ್ಲ. ಅವರ ಕಾಲದಲ್ಲಿ ಲೆಬನಾನ್ ಪರ್ವತದ ಕ್ರೈಸ್ತರಲ್ಲಿ ಕೆಲವರು ಕರವಸೂಲಿಯ ವಿಷಯದಲ್ಲಿ ಬಂಡೆದ್ದರು. ಅಬ್ಬಾಸೀ ರಾಜ್ಯಪಾಲ ಸಾಲಿಹ್ ಬಿನ್ ಅಲೀ ಬಂಡಾಯವನ್ನು ಹತ್ತಿಕ್ಕಿದ್ದಲ್ಲದೆ, ಬಂಡಾಯದಲ್ಲಿ ಪಾಲ್ಗೊಳ್ಳದ ಹಳ್ಳಿಗರನ್ನೂ ಮನೆಮಾರುಗಳಿಂದ ಹೊರಗಟ್ಟಿದನು. ಔಝಾಈ ಅವನಿಗೆ ಪತ್ರ ಬರೆದರು. ಕೆಲವರ ಅಪರಾಧಕ್ಕಾಗಿ ಎಲ್ಲರನ್ನೂ ದಂಡಿಸುವುದು ಹೇಗೆ ಸರಿ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬ ದೈವಾಜ್ಞೆ ಇರುವಾಗ ಇದೆಂಥ ನಡೆ, ಅವರು ಗುಲಾಮರಲ್ಲ, ರಕ್ಷಣೆಯ ಕರಾರಿಗೆ ಒಳಪಟ್ಟ ಸ್ವತಂತ್ರರು ಎಂಬುದು ಆ ಪತ್ರದ ಸಾರ. ಇತಿಹಾಸಕಾರ ಬಲಾದುರಿ ಮತ್ತು ಅಬೂ ಉಬೈದ್ ಇದನ್ನು ದಾಖಲಿಸಿದ್ದಾರೆ. ಇಂದು 1949ರ ನಾಲ್ಕನೆಯ ಜಿನೀವಾ ಒಡಂಬಡಿಕೆಯ 33ನೆಯ ವಿಧಿ ನಾಗರಿಕರ ಮೇಲಿನ ಸಾಮೂಹಿಕ ದಂಡನೆಯನ್ನು ನಿಷೇಧಿಸುತ್ತದೆ. ಎರಡರ ನಡುವೆ ನೇರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಒಂದೇ ಆಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಆ ಸಾಲಿಹ್‌ನ ಮಗ ಅಬ್ದುಲ್ ಮಲಿಕ್‌ನ ಕಾಲದಲ್ಲಿ ಬಂದದ್ದು ಸೈಪ್ರಸ್‌ನ ಪ್ರಕರಣ. ಅಂತಾರಾಷ್ಟ್ರೀಯ ಕಾನೂನಿನ ವಿದ್ಯಾರ್ಥಿಗೆ ನಮ್ಮ ಪರಂಪರೆಯಿಂದ ಒಂದೇ ಒಂದು ಪ್ರಕರಣವನ್ನು ಪಾಠ ಮಾಡಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ಸೈಪ್ರಸ್ ಎರಡು ಮಹಾಶಕ್ತಿಗಳ ನಡುವೆ ಸಿಲುಕಿದ ದ್ವೀಪ. ಬಲಾದುರಿಯವರ ಪ್ರಕಾರ ಹಿಜರಿ 28ರ ಸುಮಾರಿಗೆ ಮುಆವಿಯಾ(ರ) ದ್ವೀಪದವರೊಂದಿಗೆ ಒಂದು ವಿಲಕ್ಷಣ ಕೌಲು ಮಾಡಿಕೊಂಡರು. ಅವರು ವರ್ಷಕ್ಕೆ 7,200 ದೀನಾರ್ ಮುಸ್ಲಿಮರಿಗೆ ಕೊಡಬೇಕು. ರೋಮನರಿಗೂ ಅಷ್ಟನ್ನೇ ಕೊಡುತ್ತಿದ್ದರು, ಅದನ್ನು ಮುಸ್ಲಿಮರು ತಡೆಯುವುದಿಲ್ಲ. ರೋಮನರ ಸೈನ್ಯದ ಚಲನವಲನವನ್ನು ಮುಸ್ಲಿಮರಿಗೆ ತಿಳಿಸಬೇಕು. ಎರಡೂ ಕಡೆ ಕಪ್ಪ ಕೊಡುವ ಇಂಥ ನಾಡು ಎರಡೂ ಕಡೆಯವರ ಸಂಶಯಕ್ಕೆ ಗುರಿಯಾಗುವುದು ಸಹಜ. ಕೆಲವೇ ವರ್ಷಗಳಲ್ಲಿ ಅವರು ರೋಮನರಿಗೆ ಹಡಗು ಕೊಟ್ಟರೆಂದು ಮುಆವಿಯಾ ಮತ್ತೆ ದಂಡೆತ್ತಿ ಹೋದರು. ಗೆದ್ದ ಮೇಲೂ ಹಳೆಯ ಕೌಲನ್ನೇ ಉಳಿಸಿದರು. ಮುಂದೆ ಉಮವೀ ಖಲೀಫಾ ಎರಡನೆಯ ವಲೀದ್ ಸಂಶಯದ ಮೇಲೆ ಹಲವು ಸೈಪ್ರಸ್ ನಿವಾಸಿಗಳನ್ನು ಸಿರಿಯಾಕ್ಕೆ ಎತ್ತಂಗಡಿ ಮಾಡಿದನು. ಮುಸ್ಲಿಮರೇ ಇದನ್ನು ಆಕ್ಷೇಪಿಸಿದರು. ಅವನ ಬಳಿಕ ಬಂದ ಯಝೀದ್ ಬಿನ್ ವಲೀದ್ ಅವರನ್ನು ಮರಳಿ ದ್ವೀಪಕ್ಕೆ ಕಳುಹಿಸಿದನು.

ಅಬ್ಬಾಸೀ ಕಾಲದಲ್ಲಿ ಗಡಿನಾಡುಗಳ ರಾಜ್ಯಪಾಲನಾಗಿದ್ದ ಅಬ್ದುಲ್ ಮಲಿಕ್ ಬಿನ್ ಸಾಲಿಹ್‌ನಿಗೆ ಸೈಪ್ರಸ್‌ನವರು ಮತ್ತೆ ಏನೋ ದ್ರೋಹವೆಸಗಿದರೆಂದು ತೋರಿತು. ಕೌಲನ್ನು ಮುರಿಯುವ ಇಚ್ಛೆ ಅವನಿಗಿತ್ತು. ಸೈನ್ಯವೂ ಇತ್ತು. ಆದರೆ ಮುರಿಯುವ ಮೊದಲು ಅವನು ಫುಕಹಾಗಳಿಗೆ ಪತ್ರ ಬರೆದನು. ಈಜಿಪ್ಟಿನ ಲೈಸ್ ಬಿನ್ ಸಅದ್, ಮದೀನಾದ ಇಮಾಮ್ ಮಾಲಿಕ್, ಸುಫ್ಯಾನ್ ಬಿನ್ ಉಯೈನಾ, ಮೂಸಾ ಬಿನ್ ಅಅ್‌ಯನ್, ಇಸ್ಮಾಈಲ್ ಬಿನ್ ಅಯ್ಯಾಶ್, ಯಹ್ಯಾ ಬಿನ್ ಹಂಝಾ, ಅಬೂ ಇಸ್‌ಹಾಕ್ ಫಝಾರಿ, ಮಖ್ಲದ್ ಬಿನ್ ಹುಸೈನ್ — ಇವರೆಲ್ಲರ ಉತ್ತರಗಳ ಸಾರ ನಮಗೆ ಉಳಿದಿದೆ. ಇಂದಿನ ವಿದೇಶಾಂಗ ಸಚಿವಾಲಯವೊಂದು ತನ್ನ ಕಾನೂನು ಸಲಹೆಗಾರರಿಂದ ಲಿಖಿತ ಅಭಿಪ್ರಾಯ ತರಿಸಿಕೊಂಡಂತೆ ಇದೆ ಆ ಕಡತ.

ಅಭಿಪ್ರಾಯಗಳು ಒಂದೇ ಆಗಿರಲಿಲ್ಲ, ಅದೇ ಅದರ ಸ್ವಾರಸ್ಯ. ಲೈಸ್ ಕಠಿಣ ನಿಲುವು ತಳೆದರು. ಅನ್‌ಫಾಲ್‌ನ 58ನೆಯ ಸೂಕ್ತ ‘ಭಯ’ವಿದ್ದರೆ ಸಾಕೆನ್ನುತ್ತದೆ, ದ್ರೋಹ ಸಾಬೀತಾಗುವವರೆಗೆ ಕಾಯಿರಿ ಎನ್ನುವುದಿಲ್ಲ ಎಂಬುದು ಅವರ ವಾದ. ಹಾಗಿದ್ದರೂ ದಾಳಿ ಮಾಡಿ ಎನ್ನಲಿಲ್ಲ. ಒಂದು ವರ್ಷದ ಮುನ್ಸೂಚನೆ ಕೊಡಿ, ಬಯಸಿದವರು ಮುಸ್ಲಿಮ್ ನಾಡಿಗೆ ಬರಲಿ, ಬಯಸಿದವರು ರೋಮನರ ನಾಡಿಗೆ ಹೋಗಲಿ ಎಂದರು. ಇಮಾಮ್ ಮಾಲಿಕ್ ಪೂರ್ವನಿದರ್ಶನವನ್ನು ಆಧರಿಸಿದರು. ಈ ಕೌಲು ಹಳೆಯದು, ಹಿಂದಿನ ಯಾವ ಆಡಳಿತಗಾರನೂ ಇದನ್ನು ಮುರಿದದ್ದನ್ನು ನಾನರಿಯೆ, ಅವರ ವಿರುದ್ಧ ಪುರಾವೆ ಸ್ಥಾಪಿತವಾಗುವವರೆಗೆ ಅವಸರ ಬೇಡ, ಅವಧಿಯವರೆಗೆ ಕರಾರನ್ನು ಪೂರೈಸಿರೆಂದು ಅಲ್ಲಾಹನು ಆಜ್ಞಾಪಿಸಿದ್ದಾನೆ ಎಂದರು. ಮೂಸಾ ಬಿನ್ ಅಅ್‌ಯನ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಮುಖಂಡರು ಮಾಡಿದ್ದರಲ್ಲಿ ಸಾಮಾನ್ಯ ಜನರ ಕೈವಾಡ ಇಲ್ಲದಿರಬಹುದು, ಆದ್ದರಿಂದ ಕೌಲು ಉಳಿಯಲಿ. ಇಸ್ಮಾಈಲ್ ಬಿನ್ ಅಯ್ಯಾಶ್‌ರ ದೃಷ್ಟಿಯಲ್ಲಿ ಆ ದ್ವೀಪವಾಸಿಗಳು ರೋಮನರ ಕೈಯಲ್ಲಿ ನಲುಗುತ್ತಿರುವ ದುರ್ಬಲರು, ಅವರ ರಕ್ಷಣೆ ನಮ್ಮ ಹೊಣೆ. ಯಹ್ಯಾ ಬಿನ್ ಹಂಝಾ ಮುಂತಾದವರು ಖಲೀಫಾ ಉಮರ್(ರ)ರ ಕಾಲದ ಅರಬ್‌ಸೂಸ್ ಎಂಬ ಗಡಿ ಊರಿನ ದೃಷ್ಟಾಂತವನ್ನು ಮುಂದಿಟ್ಟರು. ಶತ್ರುವಿಗೆ ಸುದ್ದಿ ಮುಟ್ಟಿಸುತ್ತಿದ್ದ ಆ ಊರಿನವರಿಗೆ, ಅವರ ಸೊತ್ತಿಗೆ ಇಮ್ಮಡಿ ಕೊಟ್ಟು ಸ್ಥಳಾಂತರಿಸಲು ಮೊದಲು ಕೇಳಬೇಕು, ಒಪ್ಪದಿದ್ದರೆ ವರ್ಷದ ಗಡುವು ನೀಡಬೇಕು ಎಂದು ಉಮರ್ ಆದೇಶಿಸಿದ್ದರು.

ಅಂತಾರಾಷ್ಟ್ರೀಯ ಕಾನೂನಿನ ತರಗತಿಯಲ್ಲಿ ಇಂದು ಚರ್ಚೆಯಾಗುವ ಹಲವು ಪ್ರಶ್ನೆಗಳು ಈ ಉತ್ತರಗಳಲ್ಲಿವೆ. ಉಲ್ಲಂಘನೆಯನ್ನು ಸಾಬೀತುಪಡಿಸುವ ಹೊಣೆ ಯಾರದು? ಒಪ್ಪಂದ ಮುರಿಯಲು ಎಷ್ಟು ಮುನ್ಸೂಚನೆ ಬೇಕು? ಆಳುವವರ ತಪ್ಪಿಗೆ ಜನರು ಹೊಣೆಯೇ? ದೀರ್ಘಕಾಲದ ನಡವಳಿಕೆ ಕಾನೂನಿನ ಬಲ ಪಡೆಯುವುದೇ? ಮುರಿಯುವ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ ಲೈಸ್ ಕೂಡ ವರ್ಷದ ಗಡುವಿಲ್ಲದೆ ಕತ್ತಿ ಎತ್ತಬಹುದೆನ್ನಲಿಲ್ಲ.

ಇವರ ಸಮಕಾಲೀನರು, ಸಿಯರ್ ಶಾಸ್ತ್ರದ ಮುಖ್ಯ ಗ್ರಂಥಕಾರರು ಇಮಾಮ್ ಮುಹಮ್ಮದ್ ಬಿನ್ ಹಸನ್ ಶೈಬಾನಿ. ಹಿಜರಿ 132ರ ಸುಮಾರಿಗೆ ಇರಾಕಿನ ವಾಸಿತ್‌ನಲ್ಲಿ ಜನನ. ಎಳೆಯ ವಯಸ್ಸಿನಲ್ಲಿ ಇಮಾಮ್ ಅಬೂ ಹನೀಫಾರ ಬಳಿ, ಬಳಿಕ ಅಬೂ ಯೂಸುಫ್‌ರ ಬಳಿ ಕಲಿತರು. ಮದೀನಾಕ್ಕೆ ಹೋಗಿ ಮಾಲಿಕ್‌ರಿಂದ ಮುವತ್ತಾ ಕೇಳಿದರು. ಇಮಾಮ್ ಶಾಫಿಈ ಇವರ ಶಿಷ್ಯರು. ಅಂದರೆ ಮೂರು ಮದ್‌ಹಬ್‌ಗಳ ಎಳೆಗಳು ಇವರಲ್ಲಿ ಸಂಧಿಸುತ್ತವೆ. ಅವರ ‘ಸಿಯರ್’ ಗ್ರಂಥಗಳಲ್ಲಿ ಕೌಲಿನ ಭಾಷೆ, ಒತ್ತೆಯಾಳುಗಳು, ದೂತರ ರಕ್ಷಣೆ, ಅನ್ಯ ನಾಡಿನ ವ್ಯಾಪಾರಿಗಳ ಸುಂಕ ಎಲ್ಲವೂ ಬರುತ್ತವೆ. ಸುಂಕದ ನಿಯಮ ಇಂದಿನ ವಾಣಿಜ್ಯ ಒಪ್ಪಂದಗಳನ್ನು ನೆನಪಿಸುವಂತಿದೆ: ಅವರು ನಮ್ಮ ವ್ಯಾಪಾರಿಗಳಿಂದ ಎಷ್ಟು ಪಡೆಯುತ್ತಾರೋ ನಾವೂ ಅವರಿಂದ ಅಷ್ಟೇ, ಅವರು ಏನನ್ನೂ ಪಡೆಯದಿದ್ದರೆ ನಾವೂ ಪಡೆಯುವುದಿಲ್ಲ. ಅಭಯ ಪಡೆದು ಪರನಾಡಿಗೆ ಹೋದ ಮುಸ್ಲಿಮನು ಅಲ್ಲಿ ಕಳ್ಳತನ, ವಂಚನೆ ಮಾಡಬಾರದು, ಏಕೆಂದರೆ ಅಭಯ ಎರಡೂ ಕಡೆಯನ್ನು ಕಟ್ಟುತ್ತದೆ. ಇಂದಿನ ವಿದ್ವಾಂಸರಲ್ಲಿ ಹಲವರು ವೀಸಾವನ್ನು ಈ ‘ಅಮಾನ್’ನ ರೂಪವೆಂದೇ ಪರಿಗಣಿಸುತ್ತಾರೆ. ಕರಾವಳಿಯ ನಮ್ಮ ಎಷ್ಟೋ ಮನೆಗಳಿಂದ ಯುವಕರು ವೀಸಾ ಹಿಡಿದು ಗಲ್ಫಿಗೆ, ಯುರೋಪಿಗೆ ಹೋಗುತ್ತಾರೆ. ಆ ಮುದ್ರೆಯ ಹಿಂದೆ ಫಿಕ್‌ಹ್‌ನ ಒಂದು ಹೊಣೆಗಾರಿಕೆಯೂ ಇದೆಯೆಂದು ಅವರಿಗೆ ಮದ್ರಸಾದಲ್ಲಿ ಹೇಳಿಕೊಟ್ಟವರು ಕಡಿಮೆ.

ಶೈಬಾನಿಯವರ ನಿಜವಾದ ಪರೀಕ್ಷೆ ಗ್ರಂಥದಲ್ಲಿ ನಡೆಯಲಿಲ್ಲ. ಹಾರೂನ್ ರಶೀದ್ ಅವರನ್ನು ರಕ್ಕಾದ ಖಾಝಿಯನ್ನಾಗಿ ನೇಮಿಸಿದ್ದನು. ಪ್ರವಾದಿ ಕುಟುಂಬದ ಯಹ್ಯಾ ಬಿನ್ ಅಬ್ದುಲ್ಲಾ ಎಂಬವರು ಕ್ರಿ.ಶ. 792ರಲ್ಲಿ ದೈಲಮ್‌ನಲ್ಲಿ ಖಲೀಫನ ವಿರುದ್ಧ ನಿಂತರು. ಖಲೀಫನೇ ಬರೆದುಕೊಟ್ಟ, ಖಾಝಿಗಳು ಮತ್ತು ಹಾಶಿಮೀ ಗಣ್ಯರು ಸಾಕ್ಷಿ ಹಾಕಿದ ಅಭಯಪತ್ರವನ್ನು ನಂಬಿ ಅವರು ಶರಣಾದರು. ಕೆಲಕಾಲದ ನಂತರ ಹಾರೂನ್‌ಗೆ ಆ ಪತ್ರವೇ ಮುಳ್ಳಾಯಿತು. ಅದನ್ನು ಅಸಿಂಧುಗೊಳಿಸುವ ದಾರಿ ಬೇಕೆಂದು ವಿದ್ವಾಂಸರನ್ನು ಕರೆಸಿದನು. ತಬರಿಯವರ ವರದಿಯಂತೆ ಶೈಬಾನಿ ಪತ್ರವನ್ನು ಓದಿ, ಅಭಯ ಸಿಂಧುವಾಗಿದೆ ಎಂದರು. ಖಲೀಫನು ವಾದಕ್ಕಿಳಿದಾಗಲೂ ನಿಲುವು ಬದಲಿಸಲಿಲ್ಲ. ಅಬುಲ್ ಬಖ್ತರಿ ಎಂಬ ಇನ್ನೊಬ್ಬ ಖಾಝಿ ಮಾತ್ರ ಪತ್ರದಲ್ಲಿ ಕೊರತೆಗಳನ್ನು ಹುಡುಕಿ, ಅಸಿಂಧುವೆಂದು ಸಾರಿ, ಅದನ್ನು ಹರಿದುಹಾಕಿದನು. ಯಹ್ಯಾ ಸೆರೆಯಲ್ಲಿಯೇ ಸತ್ತರು. ಶೈಬಾನಿ ಖಲೀಫನ ಕೋಪಕ್ಕೆ ಗುರಿಯಾಗಿ ಹುದ್ದೆ ಕಳೆದುಕೊಂಡರೆಂದೂ ಮುಂದೆ ಮತ್ತೆ ಕೃಪೆಗೆ ಪಾತ್ರರಾದರೆಂದೂ ಚರಿತ್ರೆಕಾರರು ಹೇಳುತ್ತಾರೆ. ಹಿಜರಿ 189ರಲ್ಲಿ ಹಾರೂನ್‌ನ ಜೊತೆ ಪ್ರಯಾಣದಲ್ಲಿದ್ದಾಗ ರಯ್ ನಗರದ ಬಳಿ ತೀರಿಕೊಂಡರು. ಅದೇ ಪ್ರಯಾಣದಲ್ಲಿ ವ್ಯಾಕರಣಕಾರ ಕಿಸಾಈಯವರೂ ನಿಧನರಾದರು.

ಯಹ್ಯಾರ ಪ್ರಕರಣ ಎರಡು ರಾಷ್ಟ್ರಗಳದ್ದಲ್ಲ, ಒಳನಾಡಿನದು. ಆದರೆ ಆಸ್ಟಿನ್‌ನ ಪ್ರಶ್ನೆಗೆ ಇದು ತೀರ ಹತ್ತಿರದ್ದು. ಇಲ್ಲಿ ಶೈಬಾನಿ ಸೋತರು, ಪತ್ರ ಹರಿಯಿತು. ಆದರೂ ಹಾರೂನ್‌ನಂಥ ದೊರೆಗೆ ಪತ್ರವನ್ನು ಸುಮ್ಮನೆ ಕಡೆಗಣಿಸಲು ಆಗಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಅಸಿಂಧುವೆಂದು ಹೇಳುವ ಒಬ್ಬ ಖಾಝಿಯಾದರೂ ಅವನಿಗೆ ಬೇಕಾಯಿತು. ಇಂದು ಕೂಡ ದಾಳಿ ನಡೆಸುವ ಪ್ರತಿಯೊಂದು ರಾಷ್ಟ್ರವೂ ವಿಶ್ವಸಂಸ್ಥೆಯ ಸನ್ನದಿನ 51ನೆಯ ವಿಧಿಯ ಸ್ವರಕ್ಷಣೆಯ ಹಕ್ಕನ್ನು ಉಲ್ಲೇಖಿಸದೆ ಬಿಡುವುದಿಲ್ಲ. ಕಾನೂನಿಗೆ ಯಾವ ಬಲವೂ ಇಲ್ಲದಿದ್ದರೆ ಅಬುಲ್ ಬಖ್ತರಿಗಳನ್ನು ಹುಡುಕುವ ಅಗತ್ಯ ಯಾರಿಗೂ ಬರುತ್ತಿರಲಿಲ್ಲ.

‘ಸಿಯರುಲ್ ಕಬೀರ್’ ರಚನೆಯ ಬಗ್ಗೆ ಒಂದು ಕಥೆ ದರ್ಸ್‌ಗಳಲ್ಲಿ ಪ್ರಚಲಿತ. ಇರಾಕಿನವರಿಗೆ ಸಿಯರ್ ಏನು ಗೊತ್ತು ಎಂದು ಔಝಾಈ ಮೂದಲಿಸಿದರು, ಅದಕ್ಕೆ ಉತ್ತರವಾಗಿ ಶೈಬಾನಿ ಈ ಮಹಾಗ್ರಂಥ ಬರೆದರು, ಅದನ್ನು ನೋಡಿ ಔಝಾಈ ಮೆಚ್ಚಿದರು ಎಂದು. ಔಝಾಈ ತೀರಿಕೊಂಡಾಗ ಶೈಬಾನಿಯವರಿಗೆ ಇಪ್ಪತ್ತೈದರ ಆಸುಪಾಸು. ಅವರ ಕೊನೆಯ ಕೃತಿಯೆನ್ನಲಾದ ಗ್ರಂಥವನ್ನು ಔಝಾಈ ಓದಿರುವುದು ಕಾಲಗಣನೆಗೆ ಹೊಂದುವುದಿಲ್ಲ. ಮೂಲ ಗ್ರಂಥ ಇಂದು ಸ್ವತಂತ್ರವಾಗಿ ಉಳಿದಿಲ್ಲ, ಇಮಾಮ್ ಸರಖ್ಸಿಯವರ ವ್ಯಾಖ್ಯಾನದೊಳಗೆ ಬೆರೆತು ಉಳಿದಿದೆ. ಹಿಜರಿ ಐದನೆಯ ಶತಮಾನದ ಸರಖ್ಸಿ ಆಡಳಿತಗಾರನ ಅವಕೃಪೆಗೆ ಒಳಗಾಗಿ ಫರ್ಗಾನಾದ ಊಝ್‌ಕಂದ್‌ನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವರು. ಈ ವ್ಯಾಖ್ಯಾನವನ್ನು ಸೆರೆಯಲ್ಲಿ ಶಿಷ್ಯರಿಗೆ ಹೇಳಿ ಬರೆಸಲು ಆರಂಭಿಸಿ, ಬಿಡುಗಡೆಯ ಬಳಿಕ ಮುಗಿಸಿದರು. ಗ್ರೋಷಿಯಸ್ ಕೂಡ ಕೈದಿಯೇ. 1621ರಲ್ಲಿ ಲೂವೆಸ್ಟೈನ್ ಕೋಟೆಯಿಂದ ಪುಸ್ತಕದ ಪೆಟ್ಟಿಗೆಯಲ್ಲಿ ಅಡಗಿ ಪಾರಾದವರು.

ಸರಖ್ಸಿಯವರ ಗ್ರಂಥ ಅಚ್ಚಾದ ಕಥೆ ನಮ್ಮ ನೆಲಕ್ಕೂ ತಾಗುತ್ತದೆ. ಅದರ ತುರ್ಕಿ ಅನುವಾದ 1825ರಲ್ಲಿ ಇಸ್ತಾಂಬುಲ್‌ನಲ್ಲಿ ಪ್ರಕಟವಾಯಿತು. ಅದನ್ನು ಕಂಡ ಆಸ್ಟ್ರಿಯಾದ ವಿದ್ವಾಂಸ ಹಾಮರ್ ಪುರ್ಗ್‌ಸ್ಟಾಲ್ ಶೈಬಾನಿಯವರನ್ನು ಮುಸ್ಲಿಮರ ಗ್ರೋಷಿಯಸ್ ಎಂದು ಬಣ್ಣಿಸಿದರು. ಎಂಟುನೂರು ವರ್ಷ ಹಿಂದಿನವರಿಗೆ ಬಳಿಕ ಬಂದವರ ಹೆಸರನ್ನು ಬಿರುದಾಗಿ ಕೊಡುವುದು ವಿಚಿತ್ರವೇ ಸರಿ. ಅರಬೀ ಮೂಲವನ್ನು ನಾಲ್ಕು ಸಂಪುಟಗಳಲ್ಲಿ ಮುದ್ರಿಸಿದ್ದು ಹೈದರಾಬಾದಿನ ದಾಯಿರತುಲ್ ಮಆರಿಫ್, ಹಿಜರಿ 1335ರ ಸುಮಾರಿಗೆ. ಬೀದರ್, ಗುಲ್ಬರ್ಗಾ, ರಾಯಚೂರುಗಳು ಆಗ ಅದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ನಗರದಲ್ಲೇ 1908ರಲ್ಲಿ ಜನಿಸಿದ ಡಾ. ಮುಹಮ್ಮದ್ ಹಮೀದುಲ್ಲಾ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿತು, ಬಾನ್ ಮತ್ತು ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಂದು ಅಂತಾರಾಷ್ಟ್ರೀಯ ಕಾನೂನನ್ನು ಬೋಧಿಸಿದರು. ಸರಖ್ಸಿಯವರ ಗ್ರಂಥವನ್ನು ಫ್ರೆಂಚ್‌ಗೆ ಅನುವಾದಿಸಿದವರೂ ಅವರೇ. 1948ರಲ್ಲಿ ಹೈದರಾಬಾದ್ ಪ್ರಶ್ನೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಹೋದಾಗ ಸಂಸ್ಥಾನದ ನಿಯೋಗದಲ್ಲಿದ್ದ ಅವರು ಮರಳಿ ಊರಿಗೆ ಬರಲಿಲ್ಲ. ಪ್ಯಾರಿಸ್‌ನಲ್ಲಿ ನಿರಾಶ್ರಿತರಾಗಿ ದಶಕಗಳನ್ನು ಕಳೆದು 2002ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ಸಿಯರ್ ಶಾಸ್ತ್ರದ ಮಿತಿಗಳನ್ನು ಹೇಳದೆ ಹೋದರೆ ವಿದ್ಯಾರ್ಥಿಗೆ ಅನ್ಯಾಯ ಮಾಡಿದಂತೆ. ಇದು ಸಮಾನ ರಾಷ್ಟ್ರಗಳು ಕೂಡಿ ರಚಿಸಿಕೊಂಡ ಕಾನೂನಲ್ಲ, ಮುಸ್ಲಿಮ್ ಆಡಳಿತ ತನ್ನ ಧರ್ಮದ ಆಧಾರದ ಮೇಲೆ ತನ್ನನ್ನು ತಾನೇ ಕಟ್ಟಿಕೊಂಡದ್ದು. ಎದುರು ಪಕ್ಷ ಮಾತು ತಪ್ಪಿದರೂ ನಾವು ತಪ್ಪಬಾರದೆಂಬ ಅದರ ಶಕ್ತಿ ಬಂದದ್ದು ಇಲ್ಲಿಂದಲೇ. ರೋಮನರು ವಚನಭಂಗ ಮಾಡಿದಾಗಲೂ ಬಅಲಬಕ್ಕ್‌ನಲ್ಲಿದ್ದ ಅವರ ಒತ್ತೆಯಾಳುಗಳನ್ನು ಮುಆವಿಯಾ ಕೊಲ್ಲದೆ ಬಿಟ್ಟದ್ದನ್ನು ಬಲಾದುರಿ ವರದಿ ಮಾಡುತ್ತಾರೆ. ಆದರೆ ನಿಯಮ ರೂಪಿಸುವಾಗ ಎದುರು ಪಕ್ಷಕ್ಕೆ ಮಾತಿರಲಿಲ್ಲ. ಜಗತ್ತನ್ನು ದಾರುಲ್ ಇಸ್ಲಾಮ್, ದಾರುಲ್ ಹರ್ಬ್ ಎಂದು ವಿಭಾಗಿಸಿದ್ದು, ಯುದ್ಧಕೈದಿಗಳನ್ನು ಗುಲಾಮರನ್ನಾಗಿಸುವುದನ್ನು ಒಪ್ಪಿದ್ದು ಆ ಗ್ರಂಥಗಳಲ್ಲಿಯೇ ಇವೆ. ಆ ವಿಭಜನೆಯ ಪದಗಳು ಕುರ್‌ಆನಿನವಲ್ಲ, ಪ್ರತಿಯೊಂದು ಗಡಿಯೂ ರಣಭೂಮಿಯಾಗಿದ್ದ ಕಾಲದ ಫುಕಹಾಗಳವು. ಸಮರ್ಕಂದ್‌ನ ಪ್ರಸಂಗವನ್ನೂ ನಾವು ಪೂರ್ತಿಯಾಗಿ ಹೇಳುವುದಿಲ್ಲ. ಕುತೈಬಾ ಮೋಸದಿಂದ ನಗರವನ್ನು ವಶಪಡಿಸಿಕೊಂಡನೆಂದು ಜನರು ಉಮರ್ ಬಿನ್ ಅಬ್ದುಲ್ ಅಝೀಝ್‌ರಿಗೆ ದೂರಿತ್ತರು, ಖಾಝಿ ಸೈನ್ಯವನ್ನು ಹೊರಹೋಗಲು ಆದೇಶಿಸಿದರು ಎಂಬಲ್ಲಿಗೆ ನಮ್ಮ ಭಾಷಣ ನಿಲ್ಲುತ್ತದೆ. ತೀರ್ಪಿನ ಉಳಿದ ಭಾಗ, ಇಬ್ಬರೂ ಹೊರಗೆ ಸಮನಾಗಿ ಹೋರಾಡಿ ಹೊಸದಾಗಿ ಇತ್ಯರ್ಥ ಮಾಡಿಕೊಳ್ಳಬೇಕೆಂಬುದು. ಯುದ್ಧಕ್ಕೆ ಹೆದರಿದ ಜನರು ಇದ್ದದ್ದೇ ಇರಲಿ ಎಂದರು. ತೀರ್ಪಿನ ಧೈರ್ಯವೂ ಅದರ ಇತಿಮಿತಿಯೂ ಎರಡೂ ಸತ್ಯ.

ಯುರೋಪಿನ ಕಾನೂನಿಗೂ ಇಂಥದೇ ಇಕ್ಕಟ್ಟಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ‘ನಾಗರಿಕ ರಾಷ್ಟ್ರ’ಗಳಿಗೆ ಮಾತ್ರ ಸೇರಿದ್ದೆಂದು ಎಣಿಸಲ್ಪಟ್ಟಿತ್ತು. ಶತಮಾನಗಳಿಂದ ಯುರೋಪಿನೊಂದಿಗೆ ಒಪ್ಪಂದ ಮಾಡಿಕೊಂಡು ಬಂದಿದ್ದ ಉಸ್ಮಾನೀ ಸಾಮ್ರಾಜ್ಯವನ್ನು ಯುರೋಪಿನ ಸಾರ್ವಜನಿಕ ಕಾನೂನಿನ ಪಾಲುದಾರನೆಂದು ಅಂಗೀಕರಿಸಲು 1856ರ ಪ್ಯಾರಿಸ್ ಒಪ್ಪಂದದ 7ನೆಯ ವಿಧಿ ಬರಬೇಕಾಯಿತು. ಎರಡೂ ಪರಂಪರೆಗಳ ಈ ಗೋಡೆಯನ್ನು ದಾಟಿದ್ದು 1945ರ ವಿಶ್ವಸಂಸ್ಥೆಯ ಸನ್ನದು. ಅದರ 2ನೆಯ ವಿಧಿಯ 4ನೆಯ ಖಂಡ ಇತರ ರಾಷ್ಟ್ರಗಳ ವಿರುದ್ಧ ಬಲಪ್ರಯೋಗವನ್ನೇ ನಿಷೇಧಿಸಿತು. ಸಿಯರ್‌ನ ಹಳೆಯ ವಿಭಜನೆ ಇದರೊಂದಿಗೆ ಹೇಗೆ ಹೊಂದುತ್ತದೆ ಎಂದು ಕೆಲವರು ಕೇಳುತ್ತಾರೆ. ಉತ್ತರ ಸಿಯರ್‌ನೊಳಗೇ ಇದೆಯೆಂದು ನನ್ನ ಅಭಿಪ್ರಾಯ. ಸನ್ನದು ಒಂದು ಕರಾರು. ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರಗಳೆಲ್ಲ ಅದಕ್ಕೆ ಸಹಿ ಹಾಕಿವೆ. ಸಹಿ ಹಾಕಿದ ಮೇಲೆ ಮಾಇದಾ ಅಧ್ಯಾಯದ ಮೊದಲ ಸೂಕ್ತದ ಆಜ್ಞೆಯೂ ಸೈಪ್ರಸ್ ಬಗ್ಗೆ ಮಾಲಿಕ್ ಬರೆದ ಉತ್ತರವೂ ಅವರಿಗೆ ಅನ್ವಯಿಸುತ್ತವೆ. ಭಾರತದ ಸಂವಿಧಾನವೂ 51ನೆಯ ವಿಧಿಯಲ್ಲಿ ಅಂತಾರಾಷ್ಟ್ರೀಯ ಕಾನೂನು ಮತ್ತು ಒಪ್ಪಂದದ ಹೊಣೆಗಳ ಬಗ್ಗೆ ಗೌರವ ಬೆಳೆಸುವುದನ್ನು ಪ್ರಭುತ್ವದ ಕರ್ತವ್ಯಗಳಲ್ಲಿ ಸೇರಿಸಿದೆ.

1979ರ ನವೆಂಬರ್ 4ರಂದು ತೆಹ್ರಾನಿನ ಅಮೆರಿಕನ್ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡಾಗ ಈ ಪರಂಪರೆ ಹೇಗ್‌ನಲ್ಲಿಯೂ ಪ್ರಸ್ತಾಪವಾಯಿತು. ಇರಾನಿನ ದೂರುಗಳು ಸುಳ್ಳಾಗಿರಲಿಲ್ಲ. 1953ರಲ್ಲಿ ಅಲ್ಲಿನ ಚುನಾಯಿತ ಪ್ರಧಾನಿ ಮುಸದ್ದಿಕ್‌ರನ್ನು ಕೆಳಗಿಳಿಸಿದ್ದರಲ್ಲಿ ಅಮೆರಿಕದ ಕೈವಾಡವಿತ್ತು. ಆದರೆ ದೂತರನ್ನು ಸೆರೆಹಿಡಿಯುವುದು ಅದಕ್ಕೆ ಪರಿಹಾರವಾಗಿರಲಿಲ್ಲ. ಕುರೈಶರ ದೂತನಾಗಿ ಬಂದ ಅಬೂ ರಾಫಿಅ್ ಇಸ್ಲಾಮನ್ನು ಒಪ್ಪಿ ಮದೀನಾದಲ್ಲೇ ಉಳಿಯಬಯಸಿದಾಗಲೂ, ದೂತರನ್ನು ತಡೆಹಿಡಿಯುವುದು ಸಲ್ಲದೆಂದು ಪ್ರವಾದಿ(ಸ)ಯವರು ಅವರನ್ನು ಹಿಂದೆ ಕಳುಹಿಸಿದ್ದರು. ಅಂತಾರಾಷ್ಟ್ರೀಯ ನ್ಯಾಯಾಲಯದ ಮುಂದೆ ಇರಾನ್ ಹಾಜರಾಗಲಿಲ್ಲ, ಪತ್ರ ಮಾತ್ರ ಕಳುಹಿಸಿತು. 1980ರ ಮೇ 24ರ ತೀರ್ಪು ಇರಾನಿನ ವಿರುದ್ಧ ಬಂತು. ರಾಯಭಾರಿಗಳ ಅಭಯದ ನಿಯಮ ವಿಕಾಸಗೊಳ್ಳುವಲ್ಲಿ ಇಸ್ಲಾಮಿನ ಪರಂಪರೆ ಗಣನೀಯ ಕೊಡುಗೆ ನೀಡಿದೆಯೆಂದು ನ್ಯಾಯಾಲಯ ಅದೇ ತೀರ್ಪಿನಲ್ಲಿ ದಾಖಲಿಸಿತು. ಅಷ್ಟರಿಂದಲೇ ಬಾಗಿಲು ತೆರೆಯಲಿಲ್ಲ. 52 ಮಂದಿ 444 ದಿನ ಸೆರೆಯಲ್ಲಿದ್ದು, ಅಲ್ಜೀರಿಯಾದ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾದ ಮೇಲೆ 1981ರ ಜನವರಿ 20ರಂದು ಬಿಡುಗಡೆಯಾದರು. ಆ ಒಪ್ಪಂದದ ಪ್ರಕಾರ ಎರಡೂ ದೇಶಗಳ ಹಣಕಾಸಿನ ತಕರಾರುಗಳನ್ನು ಬಗೆಹರಿಸಲು ಹೇಗ್‌ನಲ್ಲಿ ಒಂದು ನ್ಯಾಯಮಂಡಳಿ ಸ್ಥಾಪನೆಯಾಯಿತು. ರಾಜತಾಂತ್ರಿಕ ಸಂಬಂಧವೇ ಇಲ್ಲದ ಆ ಎರಡು ರಾಷ್ಟ್ರಗಳ ವಕೀಲರು ದಶಕಗಳ ಕಾಲ ಅದರ ಮುಂದೆ ಎದುರುಬದುರಾಗಿ ಕುಳಿತು ವಾದಿಸಿದ್ದಾರೆ.